ಗಣಿ ಮುಚ್ಚಿದ ನೆಲದಲ್ಲಿ ಓಟದ ಹಾದಿ

ಓಟ ಇಂದು ನಗರವಾಸಿಗಳ ಹವ್ಯಾಸವಾಗಿ ಬೆಳೆದಿದೆ. ಬೆಂಗಳೂರಿನಲ್ಲಿ 2008ರಲ್ಲಿ ಆರಂಭವಾದ ಹತ್ತು ಕಿಲೊಮೀಟರ್ ಓಟದಲ್ಲಿ ಈಗ ಪ್ರತಿವರ್ಷ ಸಾವಿರಾರು ಮಂದಿ ಪಾಲ್ಗೊಳ್ಳುತ್ತಾರೆ. ಕ್ರೀಡೆಗಳಲ್ಲೆಲ್ಲ ಅತ್ಯಂತ ಕಡಿಮೆ ಬಂಡವಾಳ ಬೇಡುವುದು ಓಟವೇ. ಒಂದು ಜೊತೆ ಬೂಟು ಸಾಕು. ಆದರೆ ಆ ಬೂಟನ್ನು ಊರುವುದಕ್ಕೆ ಒಂದು ಹಾದಿ ಬೇಕು, ಮತ್ತು ಹಾದಿಯನ್ನು ಯಾವ ಓಟಗಾರನೂ ಅಂಗಡಿಯಿಂದ ಕೊಂಡು ತರಲಾರ. ಅದು ಸಮಾಜ ಒದಗಿಸಬೇಕಾದ ವಸ್ತು. ಅರ್ಥಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಸಾರ್ವಜನಿಕ ಸರಕು.

ಇಂತಹ ಹಾದಿಗಳನ್ನು ಎಲ್ಲಿಂದ ತರಬೇಕು? ಇಂಗ್ಲೆಂಡಿನ ನೈರುತ್ಯ ತುದಿಯಲ್ಲಿರುವ ಕಾರ್ನ್‌ವಾಲ್ ಪ್ರಾಂತ್ಯ ಈ ಪ್ರಶ್ನೆಗೆ ಕೊಟ್ಟುಕೊಂಡಿರುವ ಉತ್ತರ ಕುತೂಹಲಕರವಾಗಿದೆ. ಗುಡ್ಡಗಳು, ಕಡಲ ಬಂಡೆಗಳು, ಕಿರಿದಾದ ಕಣಿವೆಗಳು ತುಂಬಿದ ಆ ನಾಡು ಹತ್ತೊಂಬತ್ತನೆಯ ಶತಮಾನದಲ್ಲಿ ತಾಮ್ರ ಮತ್ತು ತವರದ ಗಣಿಗಾರಿಕೆಗೆ ಹೆಸರಾಗಿತ್ತು. ಅಲ್ಲಿನ ಕೊನೆಯ ದೊಡ್ಡ ತವರದ ಗಣಿ ಸೌತ್ ಕ್ರಾಫ್ಟಿ 1998ರಲ್ಲಿ ಬಾಗಿಲು ಮುಚ್ಚಿತು. 2006ರಲ್ಲಿ ಯುನೆಸ್ಕೊ ಆ ಗಣಿ ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಂದು ಅದಿರು ಸಾಗಿಸುತ್ತಿದ್ದ ಹಳಿಗಳ ಜಾಡಿನಲ್ಲಿ ಜನ ನಡೆಯುತ್ತಾರೆ, ಸೈಕಲ್ ತುಳಿಯುತ್ತಾರೆ, ಓಡುತ್ತಾರೆ.

ಗಣಿಯ ಹಳೆಯ ಜಾಡು ಓಟಕ್ಕೆ ಒದಗಿಬರುವುದು ಆಕಸ್ಮಿಕವಲ್ಲ. ತಾಮ್ರ ಕರಗಿಸಲು ಅದಿರಿಗಿಂತ ಹೆಚ್ಚು ತೂಕದ ಕಲ್ಲಿದ್ದಲು ಬೇಕಾಗುತ್ತಿತ್ತು. ಕಾರ್ನ್‌ವಾಲ್‌ನಲ್ಲಿ ಕಲ್ಲಿದ್ದಲಿಲ್ಲ. ಆದ್ದರಿಂದ ಕಲ್ಲಿದ್ದಲನ್ನು ಅದಿರಿನ ಬಳಿಗೆ ತರುವ ಬದಲು ಅದಿರನ್ನೇ ಹಡಗಿನಲ್ಲಿ ವೇಲ್ಸ್‌ನ ಸ್ವಾನ್ಸೀಗೆ ಕಳುಹಿಸಲಾಗುತ್ತಿತ್ತು. ಮರಳಿ ಬರುವ ಹಡಗು ಗಣಿಯ ಪಂಪುಗಳಿಗೆ ಬೇಕಾದ ಕಲ್ಲಿದ್ದಲನ್ನು ಹೊತ್ತು ತರುತ್ತಿತ್ತು. ಬೆಟ್ಟದ ನಡುವಿನ ಗಣಿಯನ್ನೂ ಕಡಲ ತೀರದ ಬಂದರನ್ನೂ ಜೋಡಿಸುವುದಕ್ಕೆ ಟ್ರಾಂ ಮಾರ್ಗಗಳು ಹುಟ್ಟಿದವು. ತುಂಬಿದ ಬಂಡಿಯನ್ನು ಎಳೆಯುತ್ತಿದ್ದವು ಕುದುರೆಗಳು. ಕುದುರೆಗೆ ಕಡಿದಾದ ಏರು ಆಗದು. ಹೀಗಾಗಿ ಎಂಜಿನಿಯರುಗಳು ಗುಡ್ಡಗಳನ್ನು ಬಳಸಿ, ಕಣಿವೆಗಳ ಓರೆಯಲ್ಲಿ, ನಿಧಾನವಾಗಿ ಏರಿಳಿಯುವ ದಾರಿ ಕೊರೆದರು. ಕುದುರೆಯ ಶ್ರಮ ಉಳಿಸಲೆಂದು ಮಾಡಿದ ಆ ಲೆಕ್ಕಾಚಾರ ಎರಡು ಶತಮಾನಗಳ ಬಳಿಕ ಮನುಷ್ಯನ ಮಂಡಿಯನ್ನು ಕಾಯುತ್ತಿದೆ.

ಉತ್ತರದ ಪೋರ್ಟ್ರೀತ್ ಬಂದರಿನಿಂದ ದಕ್ಷಿಣದ ಡೆವೊರನ್‌ವರೆಗಿನ ಹಾದಿ ಸುಮಾರು 18 ಕಿಲೊಮೀಟರ್ ಉದ್ದವಿದೆ. ಅದರ ಒಂದು ಭಾಗ 1809ರಲ್ಲಿ ಆರಂಭವಾದ ಟ್ರಾಂ ಮಾರ್ಗ. ಇನ್ನೊಂದು, 1820ರ ದಶಕದಲ್ಲಿ ನಿರ್ಮಾಣವಾದ ರೆಡ್ರುತ್-ಚೇಸ್‌ವಾಟರ್ ರೈಲುಮಾರ್ಗ. ಕಾರ್ನ್ ಬ್ರೇ ಬೆಟ್ಟವನ್ನು ಸುತ್ತಿ ಬರುವ ಮತ್ತೊಂದು ಹಾದಿ ಸುಮಾರು 12 ಕಿಲೊಮೀಟರಿನದು. ದಾರಿಯುದ್ದಕ್ಕೂ ಚಾವಣಿಯಿಲ್ಲದ ಎಂಜಿನ್ ಮನೆಗಳು, ಅವುಗಳ ಮಗ್ಗುಲಲ್ಲಿ ಎತ್ತರದ ಹೊಗೆಗೂಡುಗಳು ನಿಂತಿವೆ.

ಕನ್ನಡಿಗರು ಈ ಹಾದಿಯನ್ನು ಗಮನಿಸಲು ಬೇರೆಯೇ ಕಾರಣವಿದೆ. ರೆಡ್ರುತ್-ಚೇಸ್‌ವಾಟರ್ ಮಾರ್ಗದ ಹಿಂದಿದ್ದ ಪ್ರಮುಖ ವ್ಯಕ್ತಿ ಜಾನ್ ಟೇಲರ್ ಎಂಬ ಗಣಿ ಉದ್ಯಮಿ. ಆತ ಕಟ್ಟಿದ ಸಂಸ್ಥೆಯೇ ಮುಂದೆ ‘ಜಾನ್ ಟೇಲರ್ ಅಂಡ್ ಸನ್ಸ್’ ಎಂಬ ಹೆಸರಿನಲ್ಲಿ 1880ರ ದಶಕದಿಂದ ಕೋಲಾರದ ಚಿನ್ನದ ಗಣಿಗಳನ್ನು ನಡೆಸಿತು. ಕಾರ್ನ್‌ವಾಲ್‌ನ ಗಣಿಗಳು ಸೊರಗಿದಾಗ ಅಲ್ಲಿನ ನುರಿತ ಗಣಿಗಾರರು ಜಗತ್ತಿನೆಲ್ಲೆಡೆ ಚದುರಿದರು. ಅವರಲ್ಲಿ ಕೆಲವರು ಕೆಜಿಎಫ್‌ಗೂ ಬಂದರು. ಒಂದೇ ಮನೆತನದ ಉದ್ಯಮ ಎರಡು ನಾಡುಗಳ ನೆಲವನ್ನು ಅಗೆಯಿತು. ಅಗೆತ ನಿಂತ ಮೇಲೆ ಆ ಎರಡು ನೆಲಗಳ ಪಾಡು ಮಾತ್ರ ಬೇರೆ ಬೇರೆಯಾಯಿತು.

ಕಾರ್ನ್‌ವಾಲ್‌ನಲ್ಲಿ ಎಲ್ಲವೂ ಸುಗಮವಾಗಿ ನಡೆಯಿತೆಂದು ಭಾವಿಸಬೇಕಾಗಿಲ್ಲ. ಪೋರ್ಟ್ರೀತ್-ಡೆವೊರನ್ ಹಾದಿ ಹಾದುಹೋಗುವ ಕಾರ್ನನ್ ಕಣಿವೆಯಲ್ಲೇ ವೀಲ್ ಜೇನ್ ಎಂಬ ಗಣಿಯಿತ್ತು. 1991ರಲ್ಲಿ ಅದು ಮುಚ್ಚಿದಾಗ ಪಂಪುಗಳು ನಿಂತವು, ಒಳಗೆ ನೀರು ಏರತೊಡಗಿತು. 1992ರ ಜನವರಿಯಲ್ಲಿ ಲೋಹಗಳನ್ನು ಕರಗಿಸಿಕೊಂಡಿದ್ದ ಆಮ್ಲೀಯ ನೀರು ಉಕ್ಕಿ ಹರಿದು ನದಿಯನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸಿತು. ಅಂದಿನಿಂದ ಆ ನೀರನ್ನು ಸಾರ್ವಜನಿಕ ವೆಚ್ಚದಲ್ಲಿ ಶುದ್ಧೀಕರಿಸಲಾಗುತ್ತಿದೆ. ಹಾದಿಯ ಇಕ್ಕೆಲಗಳ ಕೆಲವು ದಿಬ್ಬಗಳಲ್ಲಿ ಇಂದಿಗೂ ಹುಲ್ಲು ಬೆಳೆಯದು. ಅಲ್ಲಿನ ಮಣ್ಣಿನಲ್ಲಿ ಆರ್ಸೆನಿಕ್ ಇದೆ. ಗಣಿ ಮುಚ್ಚಿದ ದಿನಕ್ಕೆ ಗಣಿಯ ಲೆಕ್ಕ ಮುಗಿಯುವುದಿಲ್ಲ ಎಂಬುದೇ ಇದರ ಪಾಠ. ಆದರೆ ಅಲ್ಲಿ ಅಪಾಯವನ್ನು ಗುರುತಿಸಲಾಗಿದೆ, ಹಳೆಯ ಬಾವಿಗಳಿಗೆ ಬೇಲಿ ಅಥವಾ ಮುಚ್ಚಳ ಹಾಕಲಾಗಿದೆ, ದಾರಿ ಬಿಟ್ಟು ಇಳಿಯಬೇಡಿ ಎಂಬ ಫಲಕಗಳಿವೆ. ಅಪಾಯವನ್ನು ಒಪ್ಪಿಕೊಂಡ ಬಳಿಕವೇ ಹಾದಿ ತೆರೆಯಿತು.

ಇನ್ನು ನಮ್ಮ ಕೆಜಿಎಫ್. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಈ ಗಣಿಗಳಿಗೆ. ಮೂರು ಕಿಲೊಮೀಟರಿಗಿಂತ ಆಳಕ್ಕೆ ಇಳಿದ ಚಾಂಪಿಯನ್ ರೀಫ್ ಒಂದು ಕಾಲಕ್ಕೆ ಜಗತ್ತಿನ ಅತಿ ಆಳದ ಗಣಿಗಳಲ್ಲೊಂದಾಗಿತ್ತು. 1965ರಲ್ಲಿ ವಾತಾವರಣದ ನ್ಯೂಟ್ರಿನೊ ಕಣಗಳ ಸುಳಿವು ವಿಜ್ಞಾನಿಗಳಿಗೆ ಸಿಕ್ಕಿದ್ದೂ ಈ ಪಾತಾಳದಲ್ಲೇ. ಶತಮಾನಕ್ಕೂ ಮೀರಿದ ಅವಧಿಯಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ಗಣಿ 2001ರ ಫೆಬ್ರುವರಿ ಕೊನೆಗೆ ಮುಚ್ಚಿತು. ಗಣಿ ಮುಚ್ಚುವಾಗ ನೆಲವನ್ನು ಸರಿಪಡಿಸುವ ಯೋಜನೆ ಕಡ್ಡಾಯವೆಂಬ ನಿಯಮ ನಮ್ಮಲ್ಲಿ ಬಂದದ್ದು 2003ರಲ್ಲಿ. ಎರಡು ವರ್ಷಗಳ ಈ ಅಂತರಕ್ಕೆ ಕೆಜಿಎಫ್ ತೆತ್ತ ಬೆಲೆ ದೊಡ್ಡದು.

ಚಿನ್ನ ಹೋಯಿತು, ದೂಳು ಉಳಿಯಿತು. ಅದಿರನ್ನು ಅರೆದು ಸೈನೈಡ್‌ನಿಂದ ಚಿನ್ನ ಬೇರ್ಪಡಿಸಿದ ಮೇಲೆ ಉಳಿದ ಪುಡಿ 13 ದಿಬ್ಬಗಳಾಗಿ ಊರ ನಡುವೆಯೇ ನಿಂತಿದೆ. ಜನ ಅವನ್ನು ‘ಸೈನೈಡ್ ಗುಡ್ಡ’ ಎನ್ನುತ್ತಾರೆ. ಒಟ್ಟು ಸುಮಾರು 3.3 ಕೋಟಿ ಟನ್. ದೂರದಿಂದ ನೋಡುವವರಿಗೆ ಮಟ್ಟಸವಾದ ತಲೆ, ಮಳೆ ಕೊರೆದ ಕೊರಕಲುಗಳಿಂದಾಗಿ ಅವು ಸುಂದರವಾಗಿಯೇ ಕಾಣುತ್ತವೆ. ಗಾಳಿ ಎದ್ದಾಗ ಆ ನುಣುಪಾದ ಪುಡಿ ಕಾರ್ಮಿಕರ ಕಾಲೊನಿಗಳ ಮೇಲೆ ಹಾರುತ್ತದೆ.

ಇಲ್ಲಿ ಓಟದ ಹಾದಿಯ ಮಾತೆತ್ತುವುದು ವಿಲಾಸವೆನಿಸಬಹುದು. ಕೆಲಸ ಕಳೆದುಕೊಂಡು, ದಿನ ಬೆಳಗಾದರೆ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವ ಜನರಿಗೆ ಓಡುವ ಹಾದಿ ಏತಕ್ಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಪ್ರವಾಸೋದ್ಯಮ ಗಣಿಯ ಸಂಬಳಕ್ಕೆ ಸಮನಾಗದು, ಕಾರ್ನ್‌ವಾಲ್‌ನಲ್ಲೂ ಆಗಿಲ್ಲ. ಹಾಗಿದ್ದೂ ಹಾದಿಯ ವಿಚಾರ ಮುಖ್ಯವಾಗುವುದು ಅದು ಒಂದು ಅಳತೆಗೋಲೂ ಆಗಿರುವುದರಿಂದ. ಓಡುವಾಗ ಮನುಷ್ಯ ವಿಶ್ರಾಂತಿಯಲ್ಲಿದ್ದಾಗಿನ ಹಲವು ಪಟ್ಟು ಗಾಳಿಯನ್ನು ಒಳಗೆಳೆದುಕೊಳ್ಳುತ್ತಾನೆ. ವಾರಕ್ಕೊಮ್ಮೆ ಬಂದುಹೋಗುವ ಓಟಗಾರನಿಗೆ ಸುರಕ್ಷಿತವಲ್ಲದ ಗಾಳಿ ಅಲ್ಲೇ ಹುಟ್ಟಿ ಬೆಳೆಯುವ ಮಗುವಿಗೆ ಸುರಕ್ಷಿತವಾಗುವುದು ಹೇಗೆ? ಒಂದು ನೆಲದಲ್ಲಿ ನಿರ್ಭಯವಾಗಿ ಓಡಬಹುದೆಂದರೆ ಅಲ್ಲಿ ದೂಳು ಅಡಗಿದೆ, ಬಾವಿಗಳು ಮುಚ್ಚಿವೆ, ದಾರಿ ಎಲ್ಲರಿಗೂ ತೆರೆದಿದೆ ಎಂದೇ ಅರ್ಥ. ಇವೆಲ್ಲ ಮೊದಲು ಬೇಕಿರುವುದು ಸ್ಥಳೀಯರಿಗೆ.

ಈ ಮಾತಿಗೆ ಈಗ ತುರ್ತು ಒದಗಿದೆ. ಈ 13 ದಿಬ್ಬಗಳಲ್ಲಿ ಉಳಿದಿರುವ ಚಿನ್ನವನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು. ವಿಸ್ತೀರ್ಣ ಒಂದು ಸಾವಿರ ಎಕರೆಗಿಂತ ತುಸು ಹೆಚ್ಚು. ದಿಬ್ಬಗಳನ್ನು ಕೆದಕಿದರೆ ದೂಳು ಮತ್ತೆ ಏಳುತ್ತದೆ. ಕೆಲಸ ಮುಗಿದ ಮೇಲೆ ಪುಡಿಯನ್ನು ಎಲ್ಲಿಡುತ್ತಾರೆ, ನೆಲವನ್ನು ಯಾವ ರೂಪದಲ್ಲಿ ಹಿಂದಿರುಗಿಸುತ್ತಾರೆ ಎಂಬುದು ಕರಾರು ಬರೆಯುವಾಗಲೇ ತೀರ್ಮಾನವಾಗಬೇಕು. ಕರಾರಿಗೆ ಸಹಿ ಬಿದ್ದ ಮೇಲೆ ಸೇರಿಸುವ ಷರತ್ತಿಗೆ ಬೆಲೆಯಿಲ್ಲವೆಂಬುದು ಆಡಳಿತದಲ್ಲಿ ದುಡಿದವರಿಗೆಲ್ಲ ಗೊತ್ತು. ಅತ್ತ ಸೌತ್ ಕ್ರಾಫ್ಟಿಯಲ್ಲೂ ಗಣಿಯನ್ನು ಮತ್ತೆ ತೆರೆಯುವ ಉದ್ದೇಶದಿಂದ 2023ರಲ್ಲಿ ನೀರು ಎತ್ತುವ ಕೆಲಸ ಆರಂಭವಾಯಿತು. ಗಣಿ ಮರಳಿ ಬರಬಹುದು; ಆದರೆ ಅಲ್ಲಿ ಅದು ಬರುವುದು ಜನ ನಡೆದಾಡುವ ಹಾದಿಗಳ ನಡುವೆ, ಜನರ ಕಣ್ಣೆದುರಿಗೆ.

ಮಾಡಬೇಕಾದ್ದೇನು? ಮೊದಲನೆಯದು ದಾರಿಯ ಹಕ್ಕು. ಇಂಗ್ಲೆಂಡಿನಲ್ಲಿ 1949ರ ಕಾಯ್ದೆಯನ್ವಯ ಸ್ಥಳೀಯ ಆಡಳಿತಗಳು ಸಾರ್ವಜನಿಕ ಕಾಲುದಾರಿಗಳ ಅಧಿಕೃತ ನಕ್ಷೆ ಮಾಡಬೇಕು; ಒಮ್ಮೆ ನಕ್ಷೆಗೆ ಬಂದ ದಾರಿಯನ್ನು ಜಮೀನಿನ ಒಡೆಯ ಮುಚ್ಚುವಂತಿಲ್ಲ. ನಮ್ಮ ಕಂದಾಯ ದಾಖಲೆಗಳಲ್ಲಿ ‘ನಕಾಶೆ ಕಂಡ ದಾರಿ’ ಎಂಬ ಮಾತಿದೆ. ಗಣಿ ಪ್ರದೇಶದೊಳಗೆ ಜನ ತಲೆಮಾರುಗಳಿಂದ ಬಳಸಿದ ದಾರಿಗಳೂ ನಕಾಶೆ ಕಾಣಬೇಕು. ಎರಡನೆಯದು, ದೂಳು, ಮಣ್ಣು ಮತ್ತು ನೀರಿನ ಪರೀಕ್ಷೆ ನಿಯತವಾಗಿ ನಡೆದು ಫಲಿತಾಂಶ ಊರಿನ ಫಲಕದಲ್ಲಿ ಕಾಣಬೇಕು. ಅದಕ್ಕೂ ಮುನ್ನ ಯಾವ ಹಾದಿಯನ್ನೂ ಉದ್ಘಾಟಿಸಬಾರದು. ಮೂರನೆಯದು ಹಣ. 2015ರ ತಿದ್ದುಪಡಿಯ ಬಳಿಕ ಗಣಿ ಗುತ್ತಿಗೆದಾರರು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ವಂತಿಗೆ ಕೊಡಬೇಕು. ದಿಬ್ಬಗಳಿಂದ ಬರುವ ಆ ಪಾಲು ದಿಬ್ಬಗಳ ಬುಡದಲ್ಲಿರುವವರಿಗೇ ಸಲ್ಲಲಿ. ಹಾದಿ ಕಾಯುವ, ಗಿಡ ನೆಡುವ, ಬಂದವರಿಗೆ ಗಣಿಯ ಕಥೆ ಹೇಳುವ ಕೆಲಸಗಳು ಗಣಿ ಕಾರ್ಮಿಕರ ಮಕ್ಕಳಿಗೆ ಸಿಗಲಿ.

ಮುಚ್ಚಿದ ಗಣಿಗಳೆಲ್ಲ ಓಟದ ಅಂಗಳವಾಗಬೇಕೆಂದೇನೂ ಅಲ್ಲ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಮಡಿಲಲ್ಲಿದೆ. ಅಲ್ಲಿನ ಶೋಲಾ ಕಾಡಿಗೆ, ಹುಲ್ಲುಗಾವಲಿಗೆ ಬೇಕಾದದ್ದು ಮನುಷ್ಯರ ಗೈರುಹಾಜರಿ. ಕೆಜಿಎಫ್ ಹಾಗಲ್ಲ. ಅದು ಜನ ಕಟ್ಟಿದ ಊರು, ಜನರಿರುವ ಊರು.

ಮಾರಿಕುಪ್ಪಂನಿಂದ ಚಾಂಪಿಯನ್ ರೀಫ್ ದಾಟಿ, ಬಂಡೆಗುಡ್ಡಗಳ ಮಗ್ಗುಲಿನಿಂದ ಬೇತಮಂಗಲದ ಕೆರೆಯವರೆಗೆ ಒಂದು ಹಾದಿ ಅಸಾಧ್ಯವೇನಲ್ಲ. ನೂರು ವರ್ಷ ಆ ಊರಿನ ಗಂಡಸರು ಬೆಳಕಿಲ್ಲದ ಸುರಂಗಗಳಲ್ಲಿ ದಾರಿ ಕೊರೆದರು. ನೆಲದ ಮೇಲೆ, ಬೆಳಗಿನ ಶುದ್ಧ ಗಾಳಿಯಲ್ಲಿ, ಅವರ ಮೊಮ್ಮಕ್ಕಳಿಗೆ ಹತ್ತು ಮೈಲಿಯ ದಾರಿ ಸಲ್ಲಬೇಕಾದ ಬಾಕಿ. ಹೊಸ ಕರಾರಿನ ಮೊದಲ ಪುಟದಲ್ಲೇ ಈ ಬಾಕಿಯನ್ನು ನಮೂದಿಸುವುದು ಸರ್ಕಾರಗಳ ಹೊಣೆ.