ಪೈರಿನ ಮೈಯೊಳಗಿನ ಕಾವಲು

ಹೊಡೆ ತುಂಬಿ ನಿಂತ ಭತ್ತದ ಗದ್ದೆಯ ಬದುವಿನ ಮೇಲೆ ಕುಳಿತು, ತೆಂಡೆಯೊಂದನ್ನು ಮೆಲ್ಲನೆ ಬಾಗಿಸಿ ಅದರ ಬುಡವನ್ನು ನಿಟ್ಟಿಸಿದರೆ, ನೀರಿನ ಅಂಚಿಗೆ ತುಸು ಮೇಲೆ, ಅಕ್ಕಿಯ ಕಾಳಿಗಿಂತಲೂ ಕಿರಿದಾದ ಕಂದುಬಣ್ಣದ ಕೀಟಗಳು ಒತ್ತೊತ್ತಾಗಿ ಕುಳಿತಿರುವುದು ಒಮ್ಮೊಮ್ಮೆ ಕಣ್ಣಿಗೆ ಬೀಳುವುದುಂಟು. ರೈತನ ನಿದ್ದೆಗೆಡಿಸುವ ಕಂದು ಜಿಗಿಹುಳು ಇದೇ. ಸೂಜಿಯಂಥ ಬಾಯನ್ನು ಚುಚ್ಚಿ, ಎಲೆಯಲ್ಲಿ ಸಿದ್ಧವಾದ ಆಹಾರವು ಹರಿದುಬರುವ ನಾಳದಿಂದಲೇ ರಸವನ್ನು ಹೀರುವ ಈ ಅಲ್ಪಜೀವಿಯ ಸಂಖ್ಯೆ ಮಿತಿಮೀರಿತೆಂದರೆ, ಗದ್ದೆಯ ನಡುನಡುವೆ ಪೈರು ದುಂಡುದುಂಡಾಗಿ ಒಣಗಿ, ಬೆಂಕಿ ತಗುಲಿದಂತೆ ತೋರುತ್ತದೆ. ವಿಷವನ್ನು ಸಿಂಪಡಿಸಿದರೆ ಹುಳುವಿನ ವೈರಿಗಳಾದ ಜೇಡಗಳೂ ಸಾಯುತ್ತವೆ. ಸೋಗೆಯೊಳಗೆ ಅಡಗಿದ ಮೊಟ್ಟೆಗಳು ಮಾತ್ರ ಉಳಿದು, ಮುಂದಿನ ಪೀಳಿಗೆ ನಿರಾತಂಕವಾಗಿ ಬೆಳೆಯುತ್ತದೆ.

ಆದರೆ ಎಲ್ಲ ತಳಿಗಳೂ ಹೀಗೆ ಸೋಲುವುದಿಲ್ಲ. ಕೀಟಗಳನ್ನು ತಡೆದುಕೊಳ್ಳುವ ಸಸ್ಯಗಳ ಸಹಜಶಕ್ತಿಯನ್ನು ಕುರಿತು 1951ರಲ್ಲಿ ಗ್ರಂಥವೊಂದನ್ನು ರಚಿಸಿದ ಅಮೆರಿಕದ ವಿಜ್ಞಾನಿ ಪೇಂಟರ್, ಅದರಲ್ಲಿ ಮೂರು ಬಗೆಗಳನ್ನು ಗುರುತಿಸಿದನು: ಕೀಟವು ಗಿಡವನ್ನು ಮೆಚ್ಚದೆ ತೊರೆದುಹೋಗುವುದು ಒಂದು, ಅದನ್ನು ತಿಂದ ಕೀಟ ಬಡವಾಗಿ, ಸಂತಾನ ಕುಗ್ಗಿ, ಅಳಿಯುವುದು ಇನ್ನೊಂದು, ಕೀಟದ ಹಾವಳಿಯನ್ನು ಸಹಿಸಿಕೊಂಡೇ ಗಿಡವು ಫಲವೀಯುವುದು ಮೂರನೆಯದು.

ಭತ್ತದ ತಳಿಗಳಲ್ಲಿ ಈ ಶಕ್ತಿಯನ್ನು ಪರೀಕ್ಷಿಸುವ ಕ್ರಮ ಸರಳವೂ ಮನೋಹರವೂ ಆದುದು. ಮಣ್ಣು ತುಂಬಿದ ತಟ್ಟೆಯಲ್ಲಿ ಬೇರೆಬೇರೆ ತಳಿಗಳ ಬೀಜಗಳನ್ನು ಸಾಲುಸಾಲಾಗಿ ಬಿತ್ತಿ, ವಾರದ ಸಸಿಗಳ ಮೇಲೆ ಮರಿಹುಳುಗಳನ್ನು ಬಿಡುತ್ತಾರೆ. ಬೇಗನೆ ಸೋಲುವ ತೈಚುಂಗ್ ನೇಟಿವ್-1 ಎಂಬ ತಳಿಯ ಸಾಲು ಹಳದಿಯಾಗಿ ಬಾಡಿ ಮಲಗಿದಾಗಲೂ, ಕೇರಳದ ಪಟ್ಟಾಂಬಿಯ ಪಿಟಿಬಿ-33 ಹಸುರಾಗಿಯೇ ನಿಂತಿರುತ್ತದೆ. ಹುಳು ಎಷ್ಟು ರಸವನ್ನು ಹೀರಿತೆಂಬುದನ್ನು ಅದು ವಿಸರ್ಜಿಸುವ ಸಿಹಿದ್ರವದಿಂದ ಅರಿಯುವರು: ಬುಡದಲ್ಲಿರಿಸಿದ ಸೋಸುಕಾಗದಕ್ಕೆ ನಿನ್‌ಹೈಡ್ರಿನ್ ಸವರಿದಾಗ, ಸೋತ ತಳಿಯ ಕೆಳಗೆ ನೇರಿಳೆ ಬಣ್ಣದ ಕಲೆಗಳು ಅಗಲವಾಗಿ ಹರಡುವುವು, ನಿರೋಧಕ ತಳಿಯ ಕೆಳಗೆ ಕೆಲವೇ ಚುಕ್ಕೆಗಳು ಮೂಡುವುವು. ಮುಡ್ಗೋ ಎಂಬ ಭಾರತೀಯ ತಳಿಯ ರಸದಲ್ಲಿ, ಹುಳುವಿಗೆ ಹೀರುವ ಆಸೆ ಹುಟ್ಟಿಸುವ ಆಸ್ಪರಜಿನ್ ಎಂಬ ಅಮೈನೋ ಆಮ್ಲ ಕಡಿಮೆಯೆಂದು 1970ರಲ್ಲಿ ತಿಳಿದುಬಂದಿತು. ಎಂದರೆ, ಊಟದ ಮುಂದೆ ಕುಳಿತೂ ಕೀಟವು ಉಪವಾಸ ಬೀಳುತ್ತಿತ್ತು.

ಮುಡ್ಗೋವಿನ ಈ ಗುಣ ಒಂದೇ ಜೀನ್‌ಗೆ ಸೇರಿದುದು. ಫಿಲಿಪೈನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯು ಅದೇ ಜೀನ್ ಇರುವ ಐಆರ್-26 ಎಂಬ ಹೊಸ ತಳಿಯನ್ನು 1973ರಲ್ಲಿ ಬಿಡುಗಡೆ ಮಾಡಿತು. ರೈತರು ಅದನ್ನು ಹರ್ಷದಿಂದ ಸ್ವೀಕರಿಸಿದರು. ಆದರೆ ವಿಸ್ತಾರವಾದ ಬಯಲೆಲ್ಲ ಒಂದೇ ಕಾವಲನ್ನು ನೆಚ್ಚಿಕೊಂಡಾಗ, ಅದನ್ನು ದಾಟಬಲ್ಲ ಹುಳುಗಳು ಮಾತ್ರ ಬದುಕಿ ಸಂತಾನವನ್ನು ಬೆಳೆಸಿದುವು. ಎರಡು ಮೂರು ವರ್ಷಗಳೊಳಗೆ ಫಿಲಿಪೈನ್ಸ್ ಮತ್ತು ಇಂಡೊನೇಷ್ಯಗಳಲ್ಲಿ ಆ ತಳಿ ಸೋತಿತು. ಬೇರೊಂದು ಜೀನ್ ಹೊತ್ತ ಐಆರ್-36 1976ರಲ್ಲಿ ಅದರ ಸ್ಥಾನಕ್ಕೆ ಬಂದಿತು. ಪಿಟಿಬಿ-33ರಲ್ಲಿಯಾದರೋ ಒಂದಕ್ಕಿಂತ ಹೆಚ್ಚು ಜೀನ್‌ಗಳು ಜೊತೆಗೂಡಿ ಕಾಯುತ್ತಿರುವುದರಿಂದ, ಅದನ್ನು ಮುರಿಯುವುದು ಹುಳುವಿಗೆ ಅಷ್ಟು ಸುಲಭವಲ್ಲ.

ಆದುದರಿಂದ ಇಳುವರಿ ಕಡಿಮೆಯೆಂದು ನಾವು ಮೂಲೆಗೆ ಸರಿಸಿದ ಹಳೆಯ ನಾಟಿತಳಿಗಳನ್ನು ಬಿತ್ತಿ ಉಳಿಸುವುದೂ, ಒಂದೇ ತಳಿಯನ್ನು ಊರೆಲ್ಲ ಹರಡದಿರುವುದೂ ನಮ್ಮ ಅನ್ನದ ರಕ್ಷಣೆಯೇ ಸರಿ. ಪರೀಕ್ಷೆಯ ತಟ್ಟೆಯಲ್ಲಿ ಹಸುರಾಗಿ ಉಳಿದ ಆ ಒಂದು ಸಾಲಿನ ಹಿಂದೆ, ಜೀನ್ ಎಂಬ ಮಾತನ್ನೇ ಕೇಳದೆ, ಸುಗ್ಗಿಯಲ್ಲಿ ಗಟ್ಟಿ ತೆನೆಗಳನ್ನು ಆರಿಸಿ ಮುಂದಿನ ವರ್ಷದ ಬಿತ್ತನೆಗೆಂದು ಕಟ್ಟಿಟ್ಟ ಅನಾಮಧೇಯ ಒಕ್ಕಲಿಗರ ಕೈಗಳಿವೆ.