ಒತ್ತಡವನ್ನು ತಾಳುವ ಗೋಡೆಗಳು

1954ರ ಜನವರಿಯಲ್ಲಿ ಕಾಮೆಟ್ ವಿಮಾನವೊಂದು ಆಕಾಶದಲ್ಲಿಯೇ ಒಡೆದು ಎಲ್ಬಾ ದ್ವೀಪದ ಬಳಿ ಸಮುದ್ರಕ್ಕೆ ಬಿದ್ದಿತು. ಪ್ರತಿ ಹಾರಾಟದಲ್ಲಿಯೂ ಒಳಗಿನ ಗಾಳಿಯ ಒತ್ತಡಕ್ಕೆ ಉಬ್ಬಿ, ಇಳಿದಾಗ ಕುಗ್ಗಿ, ಅದರ ಲೋಹದ ಹೊದಿಕೆ ದಣಿದು ಬಿರಿದಿತ್ತೆಂದು ತನಿಖೆಯಿಂದ ತಿಳಿದುಬಂದಿತು. ತಾಳಬಲ್ಲಷ್ಟೇ ಒತ್ತಡವಾದರೂ ಮತ್ತೆ ಮತ್ತೆ ಬಂದರೆ ಲೋಹ ಸೋಲುತ್ತದೆ.

ಬರಿಗಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಕೂಡ ಇಂತಹುದೇ ಒಂದು ಒತ್ತಡದ ಪಾತ್ರೆ. ಅದರೊಳಗಿನ ಲವಣಾದಿಗಳು ಹೊರಗಿನ ನೀರನ್ನು ಸೆಳೆಯುತ್ತವೆ. ಕೆಲವು ಜಾತಿಗಳಲ್ಲಿ ಒಳಗಿನ ಒತ್ತಡ ವಾಯುಮಂಡಲದ ಒತ್ತಡಕ್ಕಿಂತ ಸುಮಾರು 20 ಪಟ್ಟು. ನಮ್ಮ ಅಡಿಗೆಮನೆಯ ಪ್ರೆಶರ್ ಕುಕ್ಕರು ಇದರ ಮುಂದೆ ಏನೂ ಅಲ್ಲ! ಇದನ್ನು ತಡೆದು ನಿಲ್ಲಿಸುವುದು ಸಕ್ಕರೆಯ ಎಳೆಗಳಿಂದ ಹೆಣೆದ ಬಲೆಯಂತಹ ಗೋಡೆ. ಇ. ಕೋಲೈ ಮುಂತಾದವುಗಳಲ್ಲಿ ಈ ಬಲೆಯ ಮೇಲಣ ಪೊರೆಯೂ ಭಾರ ಹೊರುತ್ತದೆಂದು 2018ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು.

ಲೋಹ ತನ್ನ ಬಿರುಕನ್ನು ತಾನೇ ಹೊಲಿದುಕೊಳ್ಳಲಾರದು. ಬ್ಯಾಕ್ಟೀರಿಯಾ ಆದರೋ ಹಳೆಯ ಹೆಣಿಗೆಯನ್ನು ಕತ್ತರಿಸುತ್ತ, ಹೊಸದನ್ನು ಜೋಡಿಸುತ್ತ ಬೆಳೆಯುತ್ತದೆ. 1928ರಲ್ಲಿ ಫ್ಲೆಮಿಂಗ್ ಕಂಡುಹಿಡಿದ ಪೆನಿಸಿಲಿನ್ ಈ ಜೋಡಣೆಯನ್ನು ತಡೆಯುತ್ತದೆ. ಕತ್ತರಿಸುವ ಕೆಲಸ ಮಾತ್ರ ನಿಲ್ಲುವುದಿಲ್ಲ. ಗೋಡೆ ಸಡಿಲಗೊಂಡು, ರೋಗಾಣು ತನ್ನ ಒತ್ತಡದಿಂದಲೇ ಸಿಡಿದು ಸಾಯುತ್ತದೆ.

ಆದರೆ ಪೆನಿಸಿಲಿನ್ನನ್ನೇ ಮುರಿಯಬಲ್ಲ ರೋಗಾಣುಗಳೂ ಇವೆ. ನಾವು ಮದ್ದನ್ನು ಮನಬಂದಂತೆ ಬಳಸಿದಷ್ಟೂ ಇಂತಹವೇ ಉಳಿದು ಹೆಚ್ಚುತ್ತವೆ. ಆದುದರಿಂದ ಮೈ ಬಿಸಿಯಾದೊಡನೆ ಅಂಗಡಿಗೆ ಓಡುವುದಾಗಲಿ, ಕೋಣೆಯ ಗೆಳೆಯ ಉಳಿಸಿದ ಮಾತ್ರೆಯನ್ನು ನುಂಗುವುದಾಗಲಿ ಸಲ್ಲದು. ವೈದ್ಯರು ಹೇಳಿದಾಗ, ಹೇಳಿದಷ್ಟು ದಿನ ಸೇವಿಸುವುದೇ ಲೇಸು.