ನೆರವು ನಿರಾಕರಣೆಯೂ ಮೇಲ್ಮನವಿಯ ಹಕ್ಕೂ

ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯ ಅರ್ಥವನ್ನು ಸರ್ಕಾರಿ ಕಚೇರಿಗಳ ಮೆಟ್ಟಿಲು ಸವೆಸಿದವರು ಚೆನ್ನಾಗಿ ಬಲ್ಲರು. ವೃದ್ಧಾಪ್ಯ, ಕಾಯಿಲೆ, ಅಂಗವೈಕಲ್ಯಗಳಿಂದ ದುಡಿಯಲಾರದವರಿಗೆ ರಾಜ್ಯವು ತನ್ನ ಆರ್ಥಿಕ ಶಕ್ತಿಗೆ ತಕ್ಕಂತೆ ನೆರವಾಗಬೇಕೆಂದು ಸಂವಿಧಾನದ 41ನೆಯ ವಿಧಿ ಹೇಳುತ್ತದೆ. ಮಹಾರಾಷ್ಟ್ರದಲ್ಲಿ 1980ರಲ್ಲಿ ಆರಂಭವಾದ ಸಂಜಯ ಗಾಂಧಿ ನಿರಾಧಾರ ಅನುದಾನ ಯೋಜನೆಯು ಅಂತಹ ಒಂದು ನೆರವು. ಇದಕ್ಕೆ ರಾಜ್ಯದಲ್ಲಿ 15 ವರ್ಷಗಳ ವಾಸ್ತವ್ಯ ಬೇಕು. ಕಲಬುರಗಿ, ವಿಜಯಪುರಗಳ ಕಡೆಯಿಂದ ದುಡಿಮೆಗಾಗಿ ಪುಣೆಗೆ ಬಂದು, ಇಲ್ಲಿಯೇ ಮುಪ್ಪನ್ನು ಕಂಡ ಕನ್ನಡಿಗರಿಗೂ ಅರ್ಹತೆ ಇದ್ದರೆ ಇದು ದೊರೆಯಬೇಕಾದದ್ದೇ.

ಇಂತಹ ಅರ್ಜಿಗಳಿಗೆ ಆಧಾರವಾಗುವುದು ಆದಾಯ, ವಾಸ್ತವ್ಯ ಮತ್ತು ಅಂಗವೈಕಲ್ಯದ ಪ್ರಮಾಣಪತ್ರಗಳು. ಮೊದಲೆರಡನ್ನು ಅವಧಿಯೊಳಗೆ ಪಡೆಯುವ ಹಕ್ಕನ್ನು ಮಹಾರಾಷ್ಟ್ರದ 2015ರ ಲೋಕಸೇವಾ ಹಕ್ಕು ಅಧಿನಿಯಮ ನೀಡಿದೆ. ಅರ್ಜಿಯನ್ನು ತಿರಸ್ಕರಿಸುವ ಅಧಿಕಾರಿಯು ಕಾರಣವನ್ನು ಬರೆದು ತಿಳಿಸಬೇಕು. ಯಾರಲ್ಲಿ, ಎಷ್ಟು ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದೆಂಬುದನ್ನೂ ಸೂಚಿಸಬೇಕು. ತಿರಸ್ಕಾರದ ಆದೇಶ ಕೈಸೇರಿದ ಅಥವಾ ನಿಗದಿತ ಅವಧಿ ಮುಗಿದ 30 ದಿನಗಳೊಳಗೆ ಮೊದಲನೆಯ ಮೇಲ್ಮನವಿ ಸಲ್ಲಬೇಕು. ಅಲ್ಲಿಯೂ ನ್ಯಾಯ ದೊರೆಯದಿದ್ದರೆ ಎರಡನೆಯದು. ಅನಂತರ ಮೂರನೆಯದು ರಾಜ್ಯ ಸೇವಾ ಹಕ್ಕು ಆಯೋಗಕ್ಕೆ, 60 ದಿನಗಳೊಳಗೆ. ಸಕಾರಣವಿಲ್ಲದೆ ತಪ್ಪೆಸಗಿದ ಅಧಿಕಾರಿಗೆ 500ರಿಂದ 5,000 ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ.

ಅಂಗವೈಕಲ್ಯದ ವಿಷಯ ಬೇರೆ. ಸಸೂನ್ ಆಸ್ಪತ್ರೆಯಂತಹ ಕಡೆಗಳಲ್ಲಿ ವೈದ್ಯರು ಪರೀಕ್ಷಿಸಿ ಶೇಕಡಾ ಪ್ರಮಾಣವನ್ನು ನಿರ್ಧರಿಸುತ್ತಾರೆ. ಅನೇಕ ಸೌಲಭ್ಯಗಳಿಗೆ ಶೇಕಡಾ 40 ಎಂಬುದು ಗಡಿಗೆರೆ. ಶೇಕಡಾ 38 ಎಂದು ಬರೆಯಲ್ಪಟ್ಟರೆ ಒಂದು ಸಂಸಾರದ ಆಸರೆಯೇ ತಪ್ಪಬಹುದು. ಆದರೆ ಆ ಅಂಕಿಯೂ ಕೊನೆಯ ಮಾತಲ್ಲ. ಅಂಗವಿಕಲರ ಹಕ್ಕುಗಳ 2016ರ ಅಧಿನಿಯಮದ 59ನೆಯ ಕಲಮಿನಂತೆ, ರಾಜ್ಯ ಸರ್ಕಾರ ಗೊತ್ತುಪಡಿಸಿದ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು. ಹಳೆಯ ಚಿಕಿತ್ಸಾ ಪತ್ರಗಳು, ಕ್ಷಕಿರಣ ಚಿತ್ರಗಳು, ತಜ್ಞರ ವರದಿಗಳು ಆಗ ಉಪಯುಕ್ತ ಸಾಕ್ಷ್ಯಗಳಾಗುತ್ತವೆ.

ಮೇಲ್ಮನವಿಯಲ್ಲಿ ಕಷ್ಟಗಳ ದೀರ್ಘ ಕಥನಕ್ಕಿಂತ ಆದೇಶದ ದಿನಾಂಕ, ಅದರಲ್ಲಿ ಕೊಟ್ಟ ಕಾರಣ, ಆ ಕಾರಣ ಹೇಗೆ ತಪ್ಪು, ಅದಕ್ಕೆ ಆಧಾರವೇನು ಎಂಬ ನಾಲ್ಕು ಮಾತುಗಳು ಮುಖ್ಯ. ಪ್ರತಿಯೊಂದು ಅರ್ಜಿಗೂ ಸ್ವೀಕೃತಿ ಪತ್ರ ಪಡೆಯಬೇಕು. ಅದಿಲ್ಲದೆ ದಿನಗಳ ಲೆಕ್ಕವನ್ನು ಸಾಧಿಸುವುದು ಕಷ್ಟ. ಆದೇಶವು ಮರಾಠಿಯಲ್ಲಿದ್ದು ಅರ್ಥವಾಗದಿದ್ದರೆ ಬಲ್ಲವರಿಂದ ಅಂದೇ ಓದಿಸಿಕೊಳ್ಳುವುದು ಲೇಸು. ಶಿವಾಜಿನಗರದ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವು ಸ್ತ್ರೀಯರಿಗೆ, ಅಂಗವಿಕಲರಿಗೆ, ಬಡವರಿಗೆ ಉಚಿತ ನೆರವು ನೀಡುತ್ತದೆ.

ನೆರವನ್ನು ಕೇಳುವುದು ಭಿಕ್ಷೆಯಲ್ಲ; ತಪ್ಪಾದ ಆದೇಶವನ್ನು ಪ್ರಶ್ನಿಸುವುದು ಉದ್ಧಟತನವೂ ಅಲ್ಲ. ಅಕ್ಷರ ಬಲ್ಲ ನೆರೆಯವನೊಬ್ಬನು ಅರ್ಧ ಗಂಟೆ ಕುಳಿತು ಮನವಿ ಬರೆದುಕೊಟ್ಟರೆ, ಒಬ್ಬ ವೃದ್ಧೆಯ ಔಷಧದ ಖರ್ಚು ನಡೆದೀತು.